ಟಿಕೆಟ್ ಎಲ್ಲಿ, ಟೆಸ್ಟ್ ಎಲ್ಲಿ: ಟೂಲ್ ಆಯ್ಕೆಯ ಆರು ಪಾಠಗಳು

ಕಲಬುರಗಿಯ ಜಗತ್ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ತಂಡ. ದಾಲ್ ಮಿಲ್‌ಗಳಿಗೆ, ಗಂಜ್‌ನ ಅಡತ್ ಅಂಗಡಿಗಳಿಗೆ, ಕಮಲಾಪುರದ ಬಾಳೆ ವ್ಯಾಪಾರಿಗಳಿಗೆ ಬಿಲ್ಲು ಮತ್ತು ದಾಸ್ತಾನಿನ ತಂತ್ರಾಂಶ ಮಾಡಿಕೊಡುತ್ತೇವೆ. ಟೆಸ್ಟಿಂಗ್ ನನ್ನ ಹೊಣೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರೆಲ್ಲ ಕೇಳುವ ಮೊದಲ ಪ್ರಶ್ನೆ, ‘ಯಾವ ಟೂಲ್ ಒಳ್ಳೆಯದು ಸರ್?’ ಸೌಲಭ್ಯಗಳ ಪಟ್ಟಿ ಹೋಲಿಸಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ‘ಈ ನಿಯಮವನ್ನು ಯಾರು, ಯಾವಾಗ, ಯಾವ ಆವೃತ್ತಿಯಲ್ಲಿ ಪರೀಕ್ಷಿಸಿದರು?’ ಎಂದು ಮಿಲ್ ಮಾಲೀಕರು ಕೇಳಿದಾಗ ತಡವರಿಸದೆ ತೋರಿಸಲು ಸಾಧ್ಯವಾಗುವ ಟೂಲೇ ಒಳ್ಳೆಯದು. ಮುಂದಿನ ಆರು ಪಾಠಗಳೂ ಆ ಮಾತಿಗೆ ಸೇರಿದವು.

1. ಟಿಕೆಟ್ ಮುಗಿಯುತ್ತದೆ, ಟೆಸ್ಟ್ ಕೇಸ್ ಮುಗಿಯುವುದಿಲ್ಲ

ಬಗ್ ಒಂದು ಹುಟ್ಟುತ್ತದೆ, ಸರಿಯಾಗುತ್ತದೆ, ಮುಚ್ಚುತ್ತದೆ. 1998ರ ಬಗ್‌ಝಿಲ್ಲಾ, ಆಮೇಲೆ ಬಂದ ಮ್ಯಾಂಟಿಸ್, 2002ರ ಜಿರಾ, 2006ರ ರೆಡ್‌ಮೈನ್ ಎಲ್ಲವೂ ಈ ಬದುಕನ್ನು ಹಿಂಬಾಲಿಸಲು ಹುಟ್ಟಿದವು. ಟೆಸ್ಟ್ ಕೇಸ್ ಹಾಗಲ್ಲ. ಒಮ್ಮೆ ಬರೆದದ್ದನ್ನು ಪ್ರತಿ ಬಿಲ್ಡ್‌ಗೂ ಮತ್ತೆ ಓಡಿಸಬೇಕು, ಪ್ರತಿ ಓಟದ ಫಲಿತಾಂಶವೂ ಬೇರೆಯಾಗಿ ಉಳಿಯಬೇಕು. ಅದನ್ನು ಟಿಕೆಟ್ ಎಂದು ಬರೆದು ‘ಕ್ಲೋಸ್’, ‘ರೀಓಪನ್’ ಮಾಡುತ್ತ ಹೋದರೆ ಎರಡನೆಯ ಓಟದಲ್ಲೇ ಚರಿತ್ರೆ ಗೋಜಲಾಗುತ್ತದೆ. ಟೆಸ್ಟ್‌ಲಿಂಕ್, ಟೆಸ್ಟ್‌ರೇಲ್, ಕಿವಿ ಟಿಸಿಎಂಎಸ್‌ನಂಥವು ಹುಟ್ಟಿದ್ದು ಈ ಅಗತ್ಯದಿಂದ. ಜಿರಾ ಬಳಸುವವರು ಇದಕ್ಕಾಗಿ ಎಕ್ಸ್‌ರೇ ಅಥವಾ ಝೆಫಿರ್ ಸೇರಿಸಿಕೊಳ್ಳುತ್ತಾರೆ.

2. ನಿಯಮಕ್ಕೂ ಟೆಸ್ಟ್‌ಗೂ ನಡುವಿನ ಕೊಂಡಿ ಗಟ್ಟಿಯಿದೆಯೇ ಎಂದು ಒಂದು ನಿಜವಾದ ನಿಯಮದಿಂದ ನೋಡಿ

ನನ್ನ ಅಳತೆಗೋಲು ಜಿಎಸ್‌ಟಿಯ ಒಂದು ಬದಲಾವಣೆ. 2022ರ ಜುಲೈ 18ಕ್ಕೆ ಮೊದಲು ಬೇಳೆಯ ತೆರಿಗೆ ಬ್ರ್ಯಾಂಡ್ ಇದೆಯೇ ಇಲ್ಲವೇ ಎಂಬುದರ ಮೇಲೆ ನಿಂತಿತ್ತು. ಅಂದಿನಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆ.ಜಿ. ವರೆಗಿನ ಚೀಲಕ್ಕೆ ಶೇ 5 ತೆರಿಗೆ ಬಂತು. ತೊಗರಿಯ ನಾಡಿನಲ್ಲಿ ಇದು ಪ್ರತಿ ಬಿಲ್ಲನ್ನೂ ಮುಟ್ಟುವ ಮಾತು. 24.9, 25, 25.1 ಕೆ.ಜಿ. ಮೂರನ್ನೂ ಪರೀಕ್ಷಿಸಬೇಕು. 50 ಕೆ.ಜಿ.ಯ ಒಂದೇ ಚೀಲ ಒಂದು ಪ್ರಕರಣವಾದರೆ, ದೊಡ್ಡ ಚೀಲದೊಳಗೆ 10 ಕೆ.ಜಿ.ಯ ಪೊಟ್ಟಣಗಳಿರುವುದು ಇನ್ನೊಂದು.

ನಿಯಮ ಬದಲಾದ ದಿನ ಕೇಳಬೇಕಾದದ್ದು ಇಷ್ಟೇ: ಹಳೆಯ ನಿಯಮಕ್ಕೆ ಅಂಟಿಕೊಂಡಿದ್ದ ಟೆಸ್ಟ್‌ಗಳು ಯಾವುವು? ಟೆಸ್ಟ್‌ಲಿಂಕ್‌ನಲ್ಲಿ ರಿಕ್ವೈರ್‌ಮೆಂಟ್ ಬರೆದು ಟೆಸ್ಟ್‌ಗೆ ಜೋಡಿಸುವ ಏರ್ಪಾಡು ಒಳಗೇ ಇದೆ. ಟೆಸ್ಟ್‌ರೇಲ್‌ನಲ್ಲಿ ಟಿಕೆಟ್ ಸಂಖ್ಯೆಯನ್ನು ರೆಫರೆನ್ಸ್ ಎಂದು ನಮೂದಿಸುತ್ತೇವೆ. ಎಕ್ಸ್‌ರೇಯಲ್ಲಿ ಟೆಸ್ಟ್ ಕೂಡ ಜಿರಾದ ಒಂದು ಟಿಕೆಟ್ಟೇ ಆದ್ದರಿಂದ ಯಾವ ಬೇಡಿಕೆಗೆ ಎಷ್ಟು ಟೆಸ್ಟ್ ಇದೆ ಎಂಬ ವರದಿ ಸಲೀಸಾಗಿ ಬರುತ್ತದೆ. ನಿಮ್ಮ ವ್ಯವಹಾರದ ಇಂಥದೇ ಒಂದು ನಿಯಮವನ್ನು ಪ್ರತಿ ಟೂಲ್‌ನಲ್ಲೂ ಹಾಕಿ ನೋಡಿ. ಯಾವುದು ಗಟ್ಟಿ, ಯಾವುದು ಜೊಳ್ಳು ಎಂಬುದು ಅಲ್ಲೇ ತಿಳಿಯುತ್ತದೆ.

3. ಕನ್ನಡ ಹಾಕಿ ಪರೀಕ್ಷಿಸಿ

ಮಾರಾಟಗಾರರು ತೋರಿಸುವ ಡೆಮೊದಲ್ಲಿ ಕನ್ನಡ ಇರುವುದಿಲ್ಲ. ನಮ್ಮ ಗಿರಾಕಿಗಳ ಹೆಸರು, ದೂರು, ಬಿಲ್ಲು ಎಲ್ಲ ಕನ್ನಡದಲ್ಲೇ ಇರುತ್ತವೆ. ‘ರಾಜ್‌ಕುಮಾರ್’ ಎಂದು ಒಬ್ಬರು, ‘ರಾಜ್ಕುಮಾರ್’ ಎಂದು ಇನ್ನೊಬ್ಬರು ಟೈಪ್ ಮಾಡಿದರೆ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆಯ ವ್ಯತ್ಯಾಸವಿರುತ್ತದೆ; ಹುಡುಕಿದಾಗ ಒಂದು ಸಿಕ್ಕಿ ಇನ್ನೊಂದು ತಪ್ಪಿಹೋಗಬಹುದು. ಹಳೆಯ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಸಿಎಸ್‌ವಿ ಇಳಿಸಿ ಎಕ್ಸೆಲ್‌ನಲ್ಲಿ ನೇರ ತೆರೆದಾಗ ಅಕ್ಷರ ಕೆಡುತ್ತದೆಯೇ, ಪಿಡಿಎಫ್‌ನಲ್ಲಿ ಒತ್ತಕ್ಷರ ಮುರಿಯುತ್ತದೆಯೇ ಎಂಬುದನ್ನೂ ನೋಡಿ. ಕಲಬುರಗಿಯಲ್ಲಿ ಉರ್ದು ಬರೆಯುವ ವ್ಯಾಪಾರಿಗಳೂ ಬಹಳ. ಬಲದಿಂದ ಎಡಕ್ಕೆ ಸಾಗುವ ಸಾಲನ್ನೂ ಹಾಕಿ ನೋಡಬೇಕು.

4. ಪೂರ್ತಿ ಖರ್ಚು ಲೆಕ್ಕ ಹಾಕಿ

ಜಿರಾ ಕ್ಲೌಡ್ ಹತ್ತು ಜನರವರೆಗೆ ಉಚಿತ. ಹನ್ನೊಂದನೆಯವರು ಬಂದರೆ ಎಲ್ಲರ ಲೆಕ್ಕವೂ ಶುರು. ಮೇಲೆ ಸೇರಿಸುವ ಆ್ಯಪ್‌ಗಳ ಶುಲ್ಕವೂ ಸಾಮಾನ್ಯವಾಗಿ ಜಿರಾ ಬಳಸುವವರ ಸಂಖ್ಯೆಗೆ ಸರಿಯಾಗಿ ಬೀಳುತ್ತದೆ. ಟೆಸ್ಟ್ ಮಾಡುವವರು ಮೂವರೇ ಇರಲಿ, ಎಕ್ಸ್‌ರೇ ಹಣ ತಂಡದ ಎಲ್ಲರ ಪಾಲಿಗೂ ಕೊಡಬೇಕು. ರೆಡ್‌ಮೈನ್, ಮ್ಯಾಂಟಿಸ್, ಟೆಸ್ಟ್‌ಲಿಂಕ್ ಮುಕ್ತ ತಂತ್ರಾಂಶಗಳಾದ್ದರಿಂದ ಲೈಸೆನ್ಸ್ ಹಣವಿಲ್ಲ. ಆದರೆ ಸರ್ವರ್, ಬ್ಯಾಕಪ್, ಅಪ್‌ಡೇಟ್ ನೋಡಿಕೊಳ್ಳುವ ಒಬ್ಬರ ಸಮಯ ಅದರ ಬೆಲೆ. ಆ ಒಬ್ಬರು ಯಾರೆಂದು ಮೊದಲೇ ಹೆಸರಿಸಿ. ಕೊನೆಯ ಆವೃತ್ತಿ ಬಂದ ದಿನಾಂಕವನ್ನೂ ನೋಡಿ; ಅದನ್ನು ಕಾಪಾಡುವ ಬಳಗ ಇನ್ನೂ ಸಕ್ರಿಯವೇ ಎಂಬುದನ್ನು ಅದು ಹೇಳುತ್ತದೆ.

5. ಹೊರಬರುವ ದಾರಿ ನೋಡಿಕೊಂಡು ಒಳಗೆ ಹೋಗಿ

ಅಟ್ಲಾಸಿಯನ್ ಕಂಪನಿ 2021ರ ಫೆಬ್ರುವರಿಯಲ್ಲಿ ಜಿರಾ ಸರ್ವರ್‌ನ ಹೊಸ ಲೈಸೆನ್ಸ್ ಮಾರಾಟ ನಿಲ್ಲಿಸಿತು. 2024ರ ಫೆಬ್ರುವರಿ 15ಕ್ಕೆ ಅದರ ಬೆಂಬಲವನ್ನೂ ಕೊನೆಗೊಳಿಸಿತು. ಸ್ವಂತ ಸರ್ವರ್‌ನಲ್ಲಿ ವರ್ಷಗಟ್ಟಲೆ ದಾಖಲೆ ಕೂಡಿಹಾಕಿದ್ದವರು ಕ್ಲೌಡ್‌ಗೋ ಡೇಟಾ ಸೆಂಟರ್ ಆವೃತ್ತಿಗೋ ಬೇರೆ ಟೂಲ್‌ಗೋ ಹೊರಡಬೇಕಾಯಿತು. ಆದ್ದರಿಂದ ಮೊದಲ ವಾರದಲ್ಲೇ ಎಲ್ಲವನ್ನೂ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ನೋಡಿ. ಶೀರ್ಷಿಕೆ, ಸ್ಥಿತಿ ಸುಲಭವಾಗಿ ಬರುತ್ತವೆ. ಲಗತ್ತಿಸಿದ ಚಿತ್ರಗಳು, ಟೆಸ್ಟ್ ಓಟಗಳ ಚರಿತ್ರೆ, ಟಿಕೆಟ್‌ಗಳ ನಡುವಿನ ಕೊಂಡಿ ಬರುತ್ತವೆಯೇ ಎಂಬುದು ನಿಜವಾದ ಪ್ರಶ್ನೆ.

6. ಅಂಗಡಿಯಲ್ಲಿ ನಿಂತು ತುಂಬಿಸಲು ಸಾಧ್ಯವಾಗುವ ಫಾರಂ ಇಡಿ

ಕಮಲಾಪುರದ ಬಾಳೆ ಮಂಡಿಯಲ್ಲಿ ತೂಕ ನಡೆಯುತ್ತಿರುವಾಗ ತಪ್ಪು ಕಂಡರೆ ದಾಖಲಿಸುವುದು ಮೊಬೈಲಿನಲ್ಲಿ, ಒಂದೇ ಕೈಯಲ್ಲಿ. ಅಲ್ಲಿ ಇಪ್ಪತ್ತು ಕಡ್ಡಾಯ ಕಾಲಂ ಇಟ್ಟರೆ ದೂರು ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ, ಟ್ರ್ಯಾಕರ್ ಖಾಲಿ ಉಳಿಯುತ್ತದೆ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಯಾವ ಬಿಲ್ಡ್, ಒಂದು ಫೋಟೊ. ಇವಿಷ್ಟು ಸಾಕು, ಉಳಿದದ್ದನ್ನು ಆಫೀಸಿನಲ್ಲಿ ಕೂತವರು ಸೇರಿಸಿಕೊಳ್ಳಬಹುದು.

ಕೊನೆಗೆ, ಐದಾರು ಜನರ ತಂಡಕ್ಕೆ ರೆಡ್‌ಮೈನ್ ಜತೆಗೆ ಕಿವಿ ಟಿಸಿಎಂಎಸ್ ಇಡಿ ಎನ್ನುತ್ತೇನೆ. ಗಿರಾಕಿ ಈಗಾಗಲೇ ಜಿರಾದಲ್ಲಿದ್ದರೆ ಅಲ್ಲೇ ಎಕ್ಸ್‌ರೇ ಹಾಕಿಕೊಳ್ಳುವುದು ಲೇಸು. ಎರಡು ಕಡೆ ಬರೆಯುವ ಶ್ರಮ ತಪ್ಪುತ್ತದೆ. ಯಾವುದನ್ನೇ ಆರಿಸಿ, ತೀರ್ಮಾನದ ಮೊದಲು ಒಂದು ವಾರದ ನಿಜವಾದ ಕೆಲಸವನ್ನು ನೀವು ಹೋಲಿಸುತ್ತಿರುವ ಎರಡೂ ಟೂಲ್‌ಗಳಲ್ಲಿ ನಡೆಸಿ. ವಾರದ ಕೊನೆಗೆ, ಆ ಕೆಲಸದಲ್ಲಿ ಇಲ್ಲದ ಸಹೋದ್ಯೋಗಿಯೊಬ್ಬರನ್ನು ಕೂರಿಸಿ, 25 ಕೆ.ಜಿ.ಯ ನಿಯಮ ಯಾವ ಬಿಲ್ಡ್‌ನಲ್ಲಿ ಪಾಸಾಯಿತು ಎಂದು ಕೇಳಿ. ಅವರು ಯಾರ ನೆರವೂ ಇಲ್ಲದೆ ಉತ್ತರ ಹುಡುಕಿಕೊಂಡ ಟೂಲನ್ನೇ ಉಳಿಸಿಕೊಳ್ಳಿ.