ಜೇಬುಚಾಕುವಿಗೆ ಎಷ್ಟು ಡಿಗ್ರಿ?

ಸಾಣೆಕಲ್ಲು ಕೊಂಡು ತಂದವರು ಮೊದಲು ಕೇಳುವುದು ಇದನ್ನೇ: ಎಷ್ಟು ಡಿಗ್ರಿಗೆ ಹಿಡಿದು ಮಸೆಯಬೇಕು? ಒಂದೇ ಮಾತಿನ ಉತ್ತರ ಬೇಕಿದ್ದರೆ, ಬದಿಗೆ 20 ಡಿಗ್ರಿ. ಮಡಚುವ ಚಾಕು ಯಾವ ಕಂಪನಿಯದ್ದೇ ಇರಲಿ, ಸಾಮಾನ್ಯವಾಗಿ ಇಲ್ಲಿಂದ ಶುರುಮಾಡಿದರೆ ಕೆಡುವುದೇನಿಲ್ಲ. ಆದರೆ ಈ 20 ಯಾವುದರ ಅಳತೆ, ಯಾವಾಗ ಅದನ್ನು ಬಿಟ್ಟು 17ಕ್ಕೋ 25ಕ್ಕೋ ಹೋಗಬೇಕು ಎನ್ನುವುದು ಗೊತ್ತಿಲ್ಲದೆ ಬರೀ ಅಂಕಿ ಇಟ್ಟುಕೊಂಡು ಮಾಡುವುದೇನೂ ಇಲ್ಲ.

ಚಾಕುವನ್ನು ಮೊನೆ ನಿಮ್ಮ ಕಡೆ ಬರುವಂತೆ ಹಿಡಿದು ನೋಡಿ. ಬೆನ್ನಿನಿಂದ ಬಾಯಿಯವರೆಗೆ ಅಲಗಿನ ನಟ್ಟನಡುವೆ ಒಂದು ಗೆರೆ ಇದೆಯೆಂದುಕೊಳ್ಳಿ. ಬಾಯಿಯ ಹತ್ತಿರ ಎರಡೂ ಬದಿಗೆ ಸಣ್ಣ ಇಳಿಜಾರು ಇರುತ್ತದೆ. ಬೆಳಕಿಗೆ ಹಿಡಿದರೆ ತೆಳುವಾದ ಪಟ್ಟಿಯಂತೆ ಮಿರುಗುತ್ತದೆ. ಆ ಇಳಿಜಾರು ನಡುಗೆರೆಯಿಂದ ಎಷ್ಟು ಓರೆಯಾಗಿದೆಯೋ ಅದೇ ಒಂದು ಬದಿಯ ಕೋನ. ಎರಡು ಬದಿ ಸೇರಿದರೆ 40. ಒಬ್ಬರು 20 ಎಂದೂ ಇನ್ನೊಬ್ಬರು 40 ಎಂದೂ ಹೇಳಿದರೆ ಇಬ್ಬರೂ ಒಂದನ್ನೇ ಹೇಳುತ್ತಿರಬಹುದು, ಕೇಳಿ ಖಾತ್ರಿ ಮಾಡಿಕೊಳ್ಳಿ. ಒಂದು ಬದಿಗೇ 40 ಹಿಡಿದು ಮಸೆದರೆ ಚಾಕು ಟೊಮೆಟೊ ಸಿಪ್ಪೆಯ ಮೇಲೆ ಜಾರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ.

ಕೋನ ಕಿರಿದಾದಷ್ಟೂ ಬಾಯಿ ತೆಳುವಾಗುತ್ತದೆ, ಕಡಿಮೆ ಒತ್ತಡಕ್ಕೇ ಕೊಯ್ಯುತ್ತದೆ. ಆದರೆ ಅಷ್ಟು ತೆಳುವಾದ ಉಕ್ಕಿಗೆ ಹಿಂದಿನಿಂದ ಆಸರೆ ಕಡಿಮೆ. ಕ್ಷೌರದ ಕತ್ತಿ ಬದಿಗೆ ಎಂಟೊಂಬತ್ತು ಡಿಗ್ರಿಯಷ್ಟೇ ಇರುತ್ತದೆ, ಏಕೆಂದರೆ ಅದು ಕೂದಲಿಗಿಂತ ಗಟ್ಟಿಯಾದುದನ್ನು ಮುಟ್ಟುವುದಿಲ್ಲ. (ಅದನ್ನು ಮಸೆಯುವವರು ಡಿಗ್ರಿಯ ಚಿಂತೆಯನ್ನೇ ಮಾಡುವುದಿಲ್ಲ. ಬೆನ್ನು ಬಾಯಿ ಎರಡನ್ನೂ ಕಲ್ಲಿಗೆ ತಾಗಿಸಿ ಮಲಗಿಸಿದರೆ ಕೋನ ತಾನಾಗಿ ಬರುವಂತೆ ಅದರ ಆಕಾರವೇ ಇದೆ.) ತರಕಾರಿ ಹೆಚ್ಚುವ ಚಾಕು 15ರಿಂದ 20, ಕಟ್ಟಿಗೆ ಕಡಿಯುವ ಮಚ್ಚು 25ರಿಂದ 30. ಜೇಬುಚಾಕು ಇವೆರಡರ ನಡುವೆ ನಿಲ್ಲುತ್ತದೆ. ಬೆಳಿಗ್ಗೆ ಮಾವಿನಹಣ್ಣು ಕೊಯ್ದು, ಮಧ್ಯಾಹ್ನ ರಟ್ಟಿನ ಪೆಟ್ಟಿಗೆ ಬಿಚ್ಚಿ, ಸಂಜೆ ತೆಂಗಿನ ನಾರಿನ ಹಗ್ಗ ಕತ್ತರಿಸಬೇಕಾದ ಚಾಕು ಅದು.

ಕೆಲಸದ ಜೊತೆಗೆ ಉಕ್ಕನ್ನೂ ನೋಡಬೇಕು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಜೇಬುಚಾಕುವಿನ ಅಲಗು ರಾಕ್‌ವೆಲ್ ಮಾಪಕದಲ್ಲಿ ಸುಮಾರು 56ರಷ್ಟು ಗಡಸು. ಜಪಾನಿನ ಅನೇಕ ಅಡುಗೆ ಚಾಕುಗಳು 60 ದಾಟುತ್ತವೆ. ಮೆದು ಉಕ್ಕನ್ನು ತೀರಾ ತೆಳುವಾಗಿ ಮಸೆದರೆ ಬಾಯಿ ಒಂದು ಬದಿಗೆ ಮಡಚಿಕೊಳ್ಳುತ್ತದೆ. ಗಡಸು ಉಕ್ಕು ಮಡಚುವುದಿಲ್ಲ, ಚಕ್ಕೆ ಎದ್ದು ಹಲ್ಲು ಬೀಳುತ್ತದೆ. ನನ್ನನ್ನು ಕೇಳಿದರೆ ಹೊಸಬರಿಗೆ ಮೆದು ಉಕ್ಕೇ ಒಳ್ಳೆಯದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯ ಇರುವ ಮಾಮೂಲಿ ಕಾರ್ಬೊರಂಡಮ್ ಕಲ್ಲಿನಲ್ಲೇ ಅದು ಮತ್ತೆ ಹದಕ್ಕೆ ಬರುತ್ತದೆ.

ಇನ್ನು ಕಲ್ಲಿನ ಮುಂದೆ ಕೂರೋಣ. ಕೋನ ಆರಿಸುವುದಕ್ಕೆ ಮೊದಲು, ನಿಮ್ಮ ಚಾಕುವಿಗೆ ಈಗಾಗಲೇ ಯಾವ ಕೋನವಿದೆ ಎಂದು ಪತ್ತೆಮಾಡಿ. ಇದಕ್ಕೆ ಬೇಕಾದದ್ದು ಒಂದು ಕಪ್ಪು ಮಾರ್ಕರ್ ಪೆನ್ನು. ಆ ಮಿರುಗುವ ಪಟ್ಟಿಗೆ ಉದ್ದಕ್ಕೂ ಮಸಿ ಬಳಿಯಿರಿ. ಅಂದಾಜಿನ ಮೇಲೆ ಅಲಗನ್ನು ಓರೆ ಹಿಡಿದು ನಯವಾದ ಬದಿಯ ಮೇಲೆ ಹಗುರವಾಗಿ ಒಂದೆರಡು ಸಲ ಎಳೆದು ತಿರುಗಿಸಿ ನೋಡಿ. ಪಟ್ಟಿಯ ಮೇಲಂಚಿನಲ್ಲಿ ಮಾತ್ರ ಮಸಿ ಹೋಗಿದ್ದರೆ ನೀವು ಹಿಡಿದ ಕೋನ ಕಡಿಮೆಯಾಯಿತು, ಬೆನ್ನನ್ನು ಸ್ವಲ್ಪ ಎತ್ತಿ. ತುತ್ತತುದಿಯ ಬಾಯಿಯಲ್ಲಿ ಮಾತ್ರ ಹೋಗಿದ್ದರೆ ಹೆಚ್ಚಾಯಿತು, ಇಳಿಸಿ. ಪಟ್ಟಿ ಪೂರ್ತಿ ಬೆಳ್ಳಗಾದರೆ ಹಳೆಯ ಕೋನ ಕೈಗೆ ಸಿಕ್ಕಿತು. ಅದೇ ಕೆಲಸಕ್ಕೆ ಸಾಕಾಗುವಂತಿದ್ದರೆ ಬದಲಿಸುವ ಗೋಜಿಗೇ ಹೋಗಬೇಡಿ.

ಬದಲಿಸಲೇಬೇಕಾದರೆ ಒಂದು ವಿಷಯ ನೆನಪಿರಲಿ. 15ರ ಬಾಯಿಯನ್ನು 20ಕ್ಕೆ ಏರಿಸುವುದು ಕೆಲವೇ ಎಳೆತಗಳ ಕೆಲಸ, ತುದಿಯ ಕೂದಲೆಳೆಯಷ್ಟು ಉಕ್ಕು ಹೋದರೆ ಮುಗಿಯಿತು. 20ನ್ನು 15ಕ್ಕೆ ಇಳಿಸಬೇಕಾದರೆ ಇಳಿಜಾರಿನ ಮೇಲಂಚಿನಿಂದಲೇ ಸವೆಸಿಕೊಂಡು ಬರಬೇಕು, ಒರಟು ಬದಿಯಲ್ಲಿ ತುಂಬ ಹೊತ್ತು ಹಿಡಿಯುತ್ತದೆ. ಹಾಗಾಗಿ ಇಳಿಸುವ ಮುನ್ನ ಎರಡು ಸಲ ಯೋಚಿಸಿ. ಏರಿಸುವುದಕ್ಕೆ ಅಷ್ಟು ಹೆದರಬೇಕಿಲ್ಲ.

ಕೋನಮಾಪಕವಿಲ್ಲದೆ 20 ಡಿಗ್ರಿ ಹಿಡಿಯುವುದು ಹೇಗೆ? ಒಂದು ಹಾಳೆಯ ಮೂಲೆ 90 ಡಿಗ್ರಿ. ಅದನ್ನು ಸರಿಯಾಗಿ ಅರ್ಧಕ್ಕೆ ಮಡಚಿದರೆ 45, ಮತ್ತೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮೂಲೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅಲಗನ್ನು ಅದಕ್ಕಿಂತ ಒಂದಿಷ್ಟು ಕೆಳಗೆ ಹಿಡಿಯಿರಿ. ಇನ್ನೂ ಸುಲಭದ ಲೆಕ್ಕ ಬೇಕೇ? ಬೆನ್ನಿನ ನಡುಭಾಗ ಕಲ್ಲಿನಿಂದ ಅಲಗಿನ ಅಗಲದ ಮೂರನೇ ಒಂದು ಪಾಲಿನಷ್ಟು ಮೇಲಿದ್ದರೆ ಹೆಚ್ಚುಕಡಿಮೆ 20, ಕಾಲು ಪಾಲಿನಷ್ಟಿದ್ದರೆ ಹೆಚ್ಚುಕಡಿಮೆ 15. ಅಲಗು 16 ಮಿಲಿಮೀಟರ್ ಅಗಲವಿದ್ದರೆ ಬೆನ್ನು ಐದೂವರೆ ಮಿಲಿಮೀಟರ್ ಎತ್ತರದಲ್ಲಿರಬೇಕು. ಸ್ಕೇಲಿನಲ್ಲಿ ಅಳೆದು ಅಷ್ಟು ಎತ್ತರಕ್ಕೆ ನಾಣ್ಯಗಳನ್ನು ಪೇರಿಸಿ, ಬೆನ್ನನ್ನು ಅವುಗಳಿಗೆ ಆನಿಸಿ ಮಣಿಕಟ್ಟು ಎಷ್ಟು ಓರೆಯಾಗುತ್ತದೆ ಎಂದು ಗಮನಿಸಿ. ಆಮೇಲೆ ನಾಣ್ಯ ಪಕ್ಕಕ್ಕಿಟ್ಟು ಎಳೆಯಿರಿ. ಮೊನೆಯ ಹತ್ತಿರ ಅಲಗು ಬಾಗುವಲ್ಲಿ ಹಿಡಿಯನ್ನು ತುಸು ಮೇಲೆತ್ತದಿದ್ದರೆ ಅಲ್ಲಿ ಕೋನ ತಪ್ಪುತ್ತದೆ.

18 ಆಯಿತೋ 21 ಆಯಿತೋ ಎಂದು ತಲೆಕೆಡಿಸಿಕೊಳ್ಳಬೇಡಿ. ಪ್ರತಿ ಎಳೆತಕ್ಕೂ ಅದೇ ಕೋನ ಬರಬೇಕು, ಅದು ಮುಖ್ಯ. ಒಮ್ಮೆ 16, ಒಮ್ಮೆ 24 ಆದರೆ ಬಾಯಿ ಉರುಟಾಗುತ್ತದೆ, ಎಷ್ಟು ಮಸೆದರೂ ಹರಿತ ಬರುವುದಿಲ್ಲ. ಎಳೆಯುತ್ತಾ ಹೋದಂತೆ ಎದುರು ಬದಿಯ ಅಂಚಿನಲ್ಲಿ ಉಕ್ಕಿನ ತೆಳು ಮಡಿಕೆ ಏಳುತ್ತದೆ, ಲೇತ್ ಕೆಲಸದವರು ಬರ್ ಎನ್ನುವುದು ಇದನ್ನೇ. ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಸವರಿದರೆ ತಡೆಯುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬಾರದು. ಹಿಡಿಯಿಂದ ಮೊನೆಯವರೆಗೂ ಅದು ಎದ್ದಿದ್ದರೆ ಆ ಬದಿ ಮುಗಿಯಿತು, ಚಾಕು ಮಗುಚಿ. ಕೊನೆಗೆ ನಯವಾದ ಬದಿಯಲ್ಲಿ, ಒತ್ತಡವೇ ಇಲ್ಲದಂತೆ, ಆ ಬದಿಗೊಂದು ಈ ಬದಿಗೊಂದು ಎಳೆತ ಕೊಟ್ಟು ಬರ್ ತೆಗೆಯಿರಿ.

ಕೆಲವು ದಿನ ಬಳಸಿದ ಮೇಲೆ ಬಾಯಿಯನ್ನು ದೀಪದ ಕೆಳಗೆ ಮೇಲ್ಮುಖ ಮಾಡಿ ನೋಡಿ. ಸರಿಯಿರುವ ಬಾಯಿ ಬೆಳಕನ್ನು ಮರಳಿಸುವುದಿಲ್ಲ. ಮಡಚಿದ, ಮೊಂಡಾದ ಜಾಗ ಮಾತ್ರ ಹೊಳೆಯುತ್ತದೆ. ನಿಮ್ಮ ಮಾಮೂಲಿ ಕೆಲಸಕ್ಕೇ ಬಾಯಿ ಬೇಗ ಮಡಚುತ್ತಿದ್ದರೆ ಮುಂದಿನ ಸಲ ಎರಡು ಮೂರು ಡಿಗ್ರಿ ಏರಿಸಿ. ತಿಂಗಳಾದರೂ ಏನೂ ಆಗಿಲ್ಲವೆಂದರೆ ಅಷ್ಟೇ ಇಳಿಸಿ ನೋಡಬಹುದು. ಹಣ್ಣು, ಕಾಗದ ಬಿಟ್ಟು ಬೇರೇನೂ ಕೊಯ್ಯದವರಿಗೆ 15-17 ಸಾಕು. ತೋಟದಲ್ಲಿ ತಂತಿ ಕಟ್ಟಿದ ಪೈಪು, ಒಣ ಕಡ್ಡಿ ಎಂದು ಓಡಾಡುವವರಿಗೆ 22-25.

ವರ್ಷಗಟ್ಟಲೆ ಮಸೆದ ಚಾಕು 20 ಡಿಗ್ರಿಯಲ್ಲೇ ಇದ್ದರೂ ಹಳೆಯಂತೆ ಕೊಯ್ಯುವುದಿಲ್ಲ ಎಂಬ ದೂರೂ ಉಂಟು. ಬಾಯಿ ಸವೆದು ಬೆನ್ನಿನ ಕಡೆಗೆ ಸರಿದಂತೆ ಅದರ ಹಿಂದಿನ ಉಕ್ಕು ದಪ್ಪವಾಗುತ್ತದೆ. ಆಗ 10-12 ಡಿಗ್ರಿಗೆ ಮಲಗಿಸಿ ಇಳಿಜಾರಿನ ಮೇಲಿನ ಭುಜವನ್ನು ಒರಟು ಕಲ್ಲಿನಲ್ಲಿ ತೆಳುಮಾಡಿ, ಮತ್ತೆ 20ಕ್ಕೆ ಬಾಯಿ ಕಟ್ಟಬೇಕು. ಇದನ್ನು ಬೀದಿಯ ಸಾಣೆಚಕ್ರಕ್ಕೆ ಕೊಡಲು ನನಗೆ ಮನಸ್ಸಿಲ್ಲ. ಮಚ್ಚು, ಈಳಿಗೆಗೆ ಆ ಚಕ್ರ ಸರಿ; ಜೇಬುಚಾಕುವಿನ ತೆಳು ಬಾಯಿ ಒಣಚಕ್ರದ ಮೇಲೆ ಬೇಗ ಕಾಯುತ್ತದೆ, ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ.

ಕಸಿ ಕಟ್ಟುವ ಚಾಕುವಿಗೆ ಮಾತ್ರ ಇಲ್ಲಿ ಹೇಳಿದ್ದೆಲ್ಲ ಅನ್ವಯಿಸದು. ಅಂಥ ಅನೇಕ ಚಾಕುಗಳಿಗೆ ಇಳಿಜಾರು ಒಂದೇ ಬದಿಗಿರುತ್ತದೆ, ಟೊಂಗೆಯ ಮೇಲೆ ಸಪಾಟಾದ ಕೊಯ್ತ ಬರಲೆಂದು. ಇಳಿಜಾರಿನ ಬದಿಯನ್ನಷ್ಟೇ ಮಸೆದು, ಹಿಂಬದಿಯನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆ ಮಲಗಿಸಿ ಒಂದೆರಡು ಸಲ ಎಳೆದು ಬರ್ ತೆಗೆದರೆ ಸಾಕು.