ತಲೆಯ ಪೆಟ್ಟೂ ಆಟಗಾರನ ಧೈರ್ಯವೂ

ಕಬಡ್ಡಿ ಅಂಕಣದಲ್ಲಿ ಒಬ್ಬನ ತಲೆಗೆ ಪೆಟ್ಟು ಬಿದ್ದರೆ ನಾವು ಮಾಡುವುದೇನು? ಮುಖಕ್ಕೆ ನೀರು ಚಿಮುಕಿಸಿ, "ನಿನ್ನ ಹೆಸರೇನೋ?" ಎಂದು ಕೇಳುತ್ತೇವೆ. ಹೆಸರು ಹೇಳಿ ಎದ್ದು ನಿಂತರೆ ಚಪ್ಪಾಳೆ. ಹೊರಗೆ ಕುಳಿತರೆ "ಪುಕ್ಕಲ" ಎಂಬ ಬಿರುದು. ಈ ಚಪ್ಪಾಳೆಯನ್ನು ಕುರಿತು ಕೊಂಚ ವಿಚಾರಮಾಡಬೇಕಾಗಿದೆ.

ಮೃದುವಾದ ಮಿದುಳು ಗಟ್ಟಿಯಾದ ತಲೆಬುರುಡೆಯೊಳಗೆ ದ್ರವದ ನಡುವೆ ಇರುತ್ತದೆ. ತಲೆ ಹಠಾತ್ತನೆ ಅಲುಗಿದಾಗ ಮಿದುಳೂ ಕುಲುಕಿ, ಅದರ ಕೆಲಸ ಕೆಲಕಾಲ ಏರುಪೇರಾಗುತ್ತದೆ. ಇದನ್ನೇ ವೈದ್ಯರು ಕಂಕಷನ್ ಎನ್ನುತ್ತಾರೆ. ಇದಕ್ಕೆ ರಕ್ತ ಸುರಿಯಬೇಕಾಗಿಲ್ಲ, ಮೂರ್ಛೆ ಹೋಗಬೇಕಾಗಿಲ್ಲ. ಸಾಮಾನ್ಯವಾದ ಸ್ಕ್ಯಾನಿನಲ್ಲಿಯೂ ಇದು ಕಾಣಿಸದು. ತಲೆನೋವು, ಮಂಪರು, ಮರೆವು, ವಾಕರಿಕೆಗಳು ಕೆಲವೊಮ್ಮೆ ಗಂಟೆಗಳ ತರುವಾಯ ತೋರುವುದುಂಟು. ಬಹುಮಂದಿ ಕೆಲವು ವಾರಗಳಲ್ಲಿ ಗುಣಹೊಂದುತ್ತಾರೆ. ಆದರೆ ಗುಣವಾಗುವ ಮುನ್ನವೇ ಎರಡನೆಯ ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಎಳೆಯ ವಯಸ್ಸಿನವರಲ್ಲಿ ಮಿದುಳು ಬಾತು ಪ್ರಾಣಕ್ಕೇ ಸಂಚಕಾರ ಬರುತ್ತದೆ.

ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆಯವರು 2002ರಲ್ಲಿ ಆಂಟಿಗಾದಲ್ಲಿ, ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಸುತ್ತಿಕೊಂಡು 14 ಓವರು ಬೌಲ್ ಮಾಡಿ ಬ್ರಯಾನ್ ಲಾರಾರನ್ನು ಔಟ್ ಮಾಡಿದ ಚಿತ್ರ ಯಾರಿಗೆ ಮರೆತೀತು? ಆ ಕೆಚ್ಚನ್ನು ನಾನು ಹಗುರ ಮಾಡುವವನಲ್ಲ. ಆದರೆ ದವಡೆಯ ನೋವನ್ನು ತಾಳಬಲ್ಲೆನೇ ಎಂದು ಆಟಗಾರನು ತಾನೇ ಅಳೆದು ನೋಡಬಹುದು. ಕಂಕಷನ್ನಿನಲ್ಲಿ ಪೆಟ್ಟು ಬೀಳುವುದು ಅಳೆಯುವ ಆ ಅಂಗಕ್ಕೇ. ತಕ್ಕಡಿಯೇ ಕೆಟ್ಟಿರುವಾಗ ತೂಕವನ್ನು ನಂಬುವುದೆಂತು?

2019ರ ಆಗಸ್ಟಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರರ ಚೆಂಡು ಕತ್ತಿಗೆ ತಗುಲಿ ಸ್ಟೀವ್ ಸ್ಮಿತ್ ನೆಲಕ್ಕುರುಳಿದರು. ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮರಳಿ ಬಂದು, 92ರವರೆಗೂ ಆಡಿದರು. ತಲೆನೋವು, ಮಂಪರು ಕಾಣಿಸಿದ್ದು ಮರುದಿನ ಬೆಳಗ್ಗೆ! ಅವರಿಗೆ ಬದಲಾಗಿ ಲಾಬುಶೇನ್ ಆಡಿದರು. ಅಂಥ ಬದಲಿ ಆಟಗಾರನಿಗೆ ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲಿ ಅವಕಾಶ ದೊರೆತದ್ದು ಅದೇ ತಿಂಗಳ 1ರಿಂದ.

ನಿಯಮ ಬಂದರೂ ಸಂಶಯ ಹೋಗಲಿಲ್ಲ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಹೆಲ್ಮೆಟ್ಟಿಗೆ ಚೆಂಡು ಬಡಿದ ಜಡೇಜರ ಬದಲು ಚಾಹಲ್ ಇಳಿದಾಗ, ಆಸ್ಟ್ರೇಲಿಯದ ತರಬೇತುದಾರರು ರೆಫರಿಯೊಡನೆ ವಾದಕ್ಕೆ ನಿಂತರು. ಚಾಹಲ್ 3 ವಿಕೆಟ್ ಕಿತ್ತದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಪೆಟ್ಟು ಬಿದ್ದ ಮೇಲೂ ಬ್ಯಾಟ್ ಮಾಡಿದವರಿಗೆ ಬದಲಿ ಏಕೆ ಎಂದು ಹುಬ್ಬೇರಿಸಿದವರು ಲಾರ್ಡ್ಸಿನ ಸಂಗತಿಯನ್ನು ಅಷ್ಟು ಬೇಗ ಮರೆತಿದ್ದರು.

ನಮ್ಮ ಮೈದಾನದಲ್ಲಿ ವೈದ್ಯರೂ ಇಲ್ಲ, ರೆಫರಿಯ ಕಡತವೂ ಇಲ್ಲ. ಹೆಸರು ಕೇಳಿದರೆ ಸಾಲದು. ಸ್ವಂತ ಹೆಸರನ್ನು ಮಿದುಳು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಕೊನೆಯ ಅಂಕ ಯಾರದು, ಹಿಂದಿನ ಪಂದ್ಯ ಯಾರೊಡನೆ ಆಡಿದೆವು, ಗೆದ್ದೆವೋ ಸೋತೆವೋ ಎಂದು ಕೇಳಬೇಕು. ಉತ್ತರ ಸರಿಯಾಗಿದ್ದರೂ, ಸಂದೇಹವಿದ್ದಲ್ಲಿ ಅವನಿಗೆ ಆ ದಿನ ಆಟ ಬೇಡ. ಇದನ್ನು ಹೇಳಬೇಕಾದವನು ನಾಯಕ, ಪೆಟ್ಟು ತಿಂದವನಲ್ಲ. ಹಾಸ್ಟೆಲಿನ ಹುಡುಗನಾದರೆ ಆ ರಾತ್ರಿ ಒಬ್ಬ ಗೆಳೆಯ ಜೊತೆಗಿರಲಿ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಸಾಗಿಸತಕ್ಕದ್ದು.