ಕೃತಕ ಕಾಲು ಬಂತು, ಬದುಕು ನೆಟ್ಟಗಾಯಿತೇ?



ಯುದ್ಧ ನಿಂತರೂ ಅದರ ಗಾಯ ನಿಲ್ಲುವುದಿಲ್ಲ. ಮಣ್ಣಿನಡಿ ಹೂತಿಟ್ಟ ನೆಲಬಾಂಬು ಹತ್ತಾರು ವರ್ಷ ಹಾಗೇ ಕಾದು ಕೂತಿರುತ್ತದೆ. ಅಫ್ಘಾನಿಸ್ತಾನ, ಕಾಂಬೋಡಿಯದಂಥ ದೇಶಗಳಲ್ಲಿ ಸೌದೆಗೆ ಹೋದವರು, ಹೊಲ ಉಳುವವರು, ದನ ಕಾಯುವ ಮಕ್ಕಳು ಅದನ್ನು ತುಳಿದು ಕಾಲು ಕಳಕೊಂಡಿದ್ದಾರೆ. ಇಂಥವರಿಗೆ ಕೃತಕ ಕಾಲು ಕೊಡುವ ಸಂಸ್ಥೆಗಳಿವೆ. ಎಷ್ಟು ಕಾಲು ಕೊಟ್ಟೆವು ಅಂತ ಲೆಕ್ಕ ಬರೆಯುವುದು ಸುಲಭ. ಕಾಲು ಪಡೆದವರಿಗೆ ತೃಪ್ತಿಯಾಗಿದೆಯಾ, ಅವರ ಬದುಕು ಸುಧಾರಿಸಿತಾ ಎಂಬುದನ್ನು ಮಾತ್ರ ಅವರನ್ನೇ ಕೇಳಿ ತಿಳಿಯಬೇಕು. ಈ ಪಾಠ ಅದರ ಬಗ್ಗೆ.

1. “ಚೆನ್ನಾಗಿದೆ” ಅಂದರೆ ಸಾಲದು

“ಕಾಲು ಹೇಗಿದೆ?” ಅಂತ ಕೇಳಿದರೆ ಕೊಟ್ಟವರ ಮುಂದೆ ಯಾರಾದರೂ “ಚೆನ್ನಾಗಿದೆ” ಅಂತಲೇ ಹೇಳ್ತಾರೆ. ಅದಕ್ಕೇ ಸಂಶೋಧಕರು ಬಿಡಿಬಿಡಿಯಾಗಿ ಕೇಳುತ್ತಾರೆ. ‘ಕ್ವೆಸ್ಟ್’ ಎಂಬ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. 8 ಪ್ರಶ್ನೆ ಸಾಧನದ ಬಗ್ಗೆ: ಅಳತೆ, ಭಾರ, ಹೊಂದಿಸಿಕೊಳ್ಳುವ ಅನುಕೂಲ, ಭದ್ರತೆ, ಬಾಳಿಕೆ, ಬಳಸುವ ಸುಲಭ, ಹಿತ, ಪ್ರಯೋಜನ. ಉಳಿದ 4 ಸೇವೆಯ ಬಗ್ಗೆ: ಸಾಧನ ಕೈಗೆ ಬಂದ ರೀತಿ, ರಿಪೇರಿ, ಸಿಬ್ಬಂದಿಯ ನೆರವು, ಆಮೇಲಿನ ವಿಚಾರಣೆ. ಪ್ರತಿಯೊಂದಕ್ಕೂ 1ರಿಂದ 5ರ ತನಕ ಅಂಕ ಕೊಡಬೇಕು. ಕೊನೆಗೆ ತನಗೆ ಬಹಳ ಮುಖ್ಯವಾದ ಮೂರನ್ನು ಆರಿಸಬೇಕು.

2. ಸಿಯೆರಾ ಲಿಯೋನ್ ಹೇಳಿದ್ದೇನು?

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ 1991ರಿಂದ 2002ರ ವರೆಗೆ ಒಳಯುದ್ಧ ನಡೆಯಿತು. ಅಲ್ಲಿ ಕೃತಕ ಕಾಲು ಮತ್ತು ಕ್ಯಾಲಿಪರ್ ಬಳಸುವ 139 ಮಂದಿಯನ್ನು ಕೇಳಿ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಇವರಲ್ಲಿ ಕಾಯಿಲೆಯಿಂದ ಅಂಗವಿಕಲರಾದವರೂ ಇದ್ದರು. ತೃಪ್ತಿಗೆ ಅವರು ಕೊಟ್ಟ ಸರಾಸರಿ ಅಂಕ 5ಕ್ಕೆ 3.7. ಪರವಾಗಿಲ್ಲ ಅನಿಸುತ್ತದಲ್ಲವೇ? ಆದರೆ ಒಳಗಿನ ಮಾತು ಕೇಳಿ:

• 100ರಲ್ಲಿ 86 ಸಾಧನಗಳು ಬಳಕೆಯಲ್ಲಿದ್ದವು. ಅರ್ಧದಷ್ಟಕ್ಕೆ ರಿಪೇರಿ ಬೇಕಿತ್ತು.
• 100ಕ್ಕೆ 33 ಮಂದಿಗೆ ಅದನ್ನು ಹಾಕಿಕೊಂಡಾಗ ನೋವು.
• ತಗ್ಗುದಿಣ್ಣೆಯ ನೆಲದಲ್ಲಿ 65, ಗುಡ್ಡದಲ್ಲಿ 75, ಮೆಟ್ಟಿಲಲ್ಲಿ 66 ಮಂದಿಗೆ ನಡೆಯುವುದು ಕಷ್ಟ, ಇಲ್ಲವೇ ಆಗುವುದೇ ಇಲ್ಲ.
• ಸುಮಾರು ಅರ್ಧ ಜನರಿಗೆ ಸೇವೆ ಪಡೆಯಲು ಆಗುತ್ತಿರಲಿಲ್ಲ.

ಹಾಗಾದರೆ 3.7 ಅಂಕ ಎಲ್ಲಿಂದ ಬಂತು? ಏನೂ ಇಲ್ಲದ ಕಡೆ ಸಿಕ್ಕಿದ್ದೇ ಭಾಗ್ಯ ಅನಿಸುವುದು ಸಹಜ. ಕೃತಜ್ಞತೆ ಬೇರೆ, ತೃಪ್ತಿ ಬೇರೆ. ಎರಡನ್ನೂ ಒಂದೇ ಅಂತ ತಿಳಿದರೆ ನೋವು ಲೆಕ್ಕಕ್ಕೇ ಬರುವುದಿಲ್ಲ.

3. ತೊಂದರೆ ಎಲ್ಲಿಂದ ಶುರು?

ಉಳಿದ ಕಾಲಿನ ತುದಿಯನ್ನು ಇಳಿಸುವ ಬಟ್ಟಲಿನಂಥ ಭಾಗಕ್ಕೆ ಸಾಕೆಟ್ ಅನ್ನುತ್ತಾರೆ. ಮೈಭಾರವೆಲ್ಲ ಅಲ್ಲಿಯೇ. ಕಾಲು ಕತ್ತರಿಸಿದ ಮೊದಲ ತಿಂಗಳುಗಳಲ್ಲಿ ಬಾವು ಇಳಿದು ಆ ತುದಿ ಸಣ್ಣದಾಗುತ್ತದೆ. ಆಗ ಸಾಕೆಟ್ ಸಡಿಲವಾಗಿ ಉಜ್ಜುತ್ತದೆ, ಹುಣ್ಣಾಗುತ್ತದೆ, ಕೊನೆಗೆ ಕಾಲು ಮೂಲೆ ಸೇರುತ್ತದೆ. ಮಕ್ಕಳು ಬೆಳೆದಂತೆ ಅಳತೆ ಬದಲಾಗುತ್ತಲೇ ಇರುತ್ತದೆ. ಹತ್ತು ವರ್ಷದಲ್ಲಿ ಕಾಲು ಕಳಕೊಂಡ ಮಗುವಿಗೆ ಜೀವಮಾನದಲ್ಲಿ ಸುಮಾರು 25 ಕೃತಕ ಕಾಲು ಬೇಕಾದೀತು ಅಂತ ಲೆಕ್ಕ ಹಾಕಿದ್ದಾರೆ. ಆದ್ದರಿಂದ ಒಂದು ಶಿಬಿರ ಮಾಡಿ, ಕಾಲು ಹಂಚಿ, ಫೋಟೋ ತೆಗೆದರೆ ಕೆಲಸ ಮುಗಿಯಲಿಲ್ಲ.

ಕಾಲು ಅಲ್ಲಿನ ಬದುಕಿಗೂ ಒಪ್ಪಬೇಕು. ನಮ್ಮ ದೇಶದಲ್ಲೇ 1968ರಲ್ಲಿ ಹುಟ್ಟಿದ ಜೈಪುರ ಕಾಲು ಯುದ್ಧಪೀಡಿತ ದೇಶಗಳಿಗೂ ಹೋಗಿದ್ದು ಇದೇ ಕಾರಣಕ್ಕೆ. ಅದರ ರಬ್ಬರ್ ಪಾದದಲ್ಲಿ ಚಪ್ಪಲಿ ಇಲ್ಲದೆ ನಡೆಯಬಹುದು, ಕೆಸರಿಗೆ ಇಳಿಯಬಹುದು, ಕುಕ್ಕರುಗಾಲಲ್ಲಿ ಕೂರಬಹುದು.

4. ಹೆಂಗಸರ ಪಾಡು

ಸಿಯೆರಾ ಲಿಯೋನ್‌ನ ಅಧ್ಯಯನದಲ್ಲಿ ಓಡಾಟದಲ್ಲೂ ಸೇವೆ ಸಿಗುವುದರಲ್ಲೂ ಹಿಂದೆ ಬಿದ್ದವರಲ್ಲಿ ಹೆಂಗಸರು ಒಂದು ಗುಂಪು. ಯೋಚಿಸಿ ನೋಡಿ: ಕೇಂದ್ರ ದೂರ, ಬಸ್ ಚಾರ್ಜಿಗೆ ಯಾರನ್ನೋ ಕೇಳಬೇಕು, ಮನೆಯಲ್ಲಿ ಮಕ್ಕಳು, ಒಲೆ. “ನನ್ನ ಕಾಲು ಆಮೇಲೆ ನೋಡೋಣ” ಅಂತ ತಾಯಂದಿರೇ ತಳ್ಳಿಹಾಕುತ್ತಾರೆ.

ದಾರಿಯೂ ಇದೆ. ಕಾಬೂಲ್‌ನಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಕೃತಕ ಅಂಗ ಕೇಂದ್ರ 1988ರಲ್ಲಿ ಶುರುವಾಯಿತು. 1990ರಲ್ಲಿ ಅಲ್ಲಿಗೆ ಬಂದ ಇಟಲಿಯ ಫಿಸಿಯೋಥೆರಪಿಸ್ಟ್ ಅಲ್ಬೆರ್ಟೋ ಕೈರೋ ಅಂಗವಿಕಲರನ್ನೇ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿ ತಂದರು. ಕಾಲು ಮಾಡುವವರೂ ಕಾಲು ಕಳಕೊಂಡವರೇ ಆದಾಗ ಎಲ್ಲಿ ಒತ್ತುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುವ ಏರ್ಪಾಡೂ ಆಯಿತು. ಜೊತೆಗೆ ಅಂಗಡಿ, ಹೊಲಿಗೆಯಂಥ ಸಣ್ಣ ಕಸುಬಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟರು. ಸಾಲವೊಂದು ಮನೆಯಲ್ಲಿ ಏನು ಬದಲಾವಣೆ ತರುತ್ತದೆ ಅಂತ ಸಂಘದ ನಿಮಗೆ ಬೇರೆ ಹೇಳಬೇಕೇ? ಕಾಲು ನಿಲ್ಲಿಸುತ್ತದೆ; ಸಂಪಾದನೆ ತಲೆ ಎತ್ತಿಸುತ್ತದೆ.

ನೆನಪಿಡಿ: ಸರಿಯಾದ ಅಳತೆ, ಹತ್ತಿರದಲ್ಲಿ ರಿಪೇರಿ, ಕೈಗೊಂದು ಕೆಲಸ. ಈ ಮೂರೂ ಕೂಡಿದರೆ ಕೃತಕ ಕಾಲು ನಿಜವಾಗಿ ಕಾಲಾಗುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಅಪಘಾತದಿಂದಲೋ ಸಕ್ಕರೆ ಕಾಯಿಲೆಯಿಂದಲೋ ಕಾಲು ಕಳಕೊಂಡವರು ನಮ್ಮ ಊರಲ್ಲಿ ಇದ್ದಾರೆಯೇ? ಕೊಟ್ಟ ಕಾಲನ್ನು ಈಗಲೂ ಹಾಕುತ್ತಿದ್ದಾರೆಯೇ? ಇಲ್ಲವಾದರೆ ಯಾಕೆ?
2. ಮೇಲಿನ 12 ವಿಷಯಗಳಲ್ಲಿ ಅವರಿಗೆ ಮುಖ್ಯವಾದ ಮೂರು ಯಾವುವು? ನಾವೇ ಊಹಿಸದೆ ಅವರನ್ನೇ ಕೇಳೋಣ.
3. ರಿಪೇರಿಗೆ ಹೋಗುವ ಸಹೋದರಿಯ ಬಸ್ ಚಾರ್ಜು, ಆ ದಿನ ಮಕ್ಕಳನ್ನು ನೋಡಿಕೊಳ್ಳುವುದು: ಇವುಗಳಲ್ಲಿ ಸಂಘ ಯಾವುದನ್ನು ವಹಿಸಿಕೊಳ್ಳಬಹುದು?